ಉಪ್ಪಿನಕಾಯಿಗೂ ಹೌದು, ಕೇಸಿಗೂ ಹೌದು

ಹೋದ ಸಲ ಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ನಲ್ಲ, ಅದನ್ನ ಓದಿ ಸುಮಾರು ಜನ ಫೋನ್ ಮಾಡಿದ್ರಿ. ಎಲ್ಲರದ್ದೂ ಒಂದೇ ಪ್ರಶ್ನೆ. "ಅದನ್ನ ಮೆಲ್ಬರ್ನಿಗೆ ಹೆಂಗೆ ತಗೊಂಡ್ ಹೋದೆ ಮಾರಾಯ್ತಿ, ಏರ್‌ಪೋರ್ಟಲ್ಲಿ ಬಿಟ್ರಾ?" ಅಂತ. ಹೊಸಮನೆ ಚಿಕ್ಕಮ್ಮ ಮಾತ್ರ ಉಪ್ಪಿನಕಾಯಿ ಮಾತು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ದನಿ ತಗ್ಗಿಸಿ ಬೇರೆಯದೇ ಕೇಳಿದ್ರು. "ನಮ್ಮ ಪೈಕಿ ಒಬ್ಬ ಹುಡುಗಂಗೆ ಹಳೇ ಕೇಸೊಂದು ಇದೆ ಕಣೇ. ಕಾಲೇಜಲ್ಲಿದ್ದಾಗ ಹೊಡೆದಾಡಿ ದಂಡ ಕಟ್ಟಿದಾನೆ. ಹೆಂಡ್ತಿ ಕೆನಡಾದಲ್ಲಿದಾಳೆ. ಹೋಗಕ್ಕಾಗುತ್ತಾ? ನಿಂಗೂ ಎಂತದೋ ಆಗಿತ್ತಲ್ಲ, ಅದ್ಕೆ ಕೇಳ್ದೆ."

ಹೌದು, ನಂಗೂ ಆಗಿತ್ತು. ಚಿಕ್ಕಮ್ಮಂಗೆ ಅರ್ಧ ಗೊತ್ತು, ನಿಮ್ಮಲ್ಲಿ ಬಹಳ ಜನಕ್ಕೆ ಅಷ್ಟೂ ಗೊತ್ತಿಲ್ಲ. ಅಮ್ಮನ ಹತ್ತಿರ ಕೇಳಿಯೇ ಇದನ್ನ ಬರೀತಿದೀನಿ. ಮೊದಲು "ಬೇಡ" ಅಂದ್ರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ "ಬರಿ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದ್ರು.

2011ರ ಡಿಸೆಂಬರ್. ನಾನಾಗ ಡಿಗ್ರಿ ಕಡೇ ವರ್ಷ. ಅಪ್ಪನ ಕೆಲಸ ಭದ್ರಾವತಿ ಕಾಗದ ಕಾರ್ಖಾನೆಯಲ್ಲಿ, ನಮ್ಮ ಮನೆ ಪೇಪರ್ ಟೌನಲ್ಲಿ. ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಸಂಜೆ ಐದೂವರೆಗೆ ಟ್ಯೂಷನ್ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಬರ್ತಾ ಇದ್ದೆ. ಹೂವಿನ ಬುಟ್ಟಿ ಹೊತ್ತ ಅಜ್ಜಿ ಒಬ್ಬರು ರಸ್ತೆ ದಾಟ್ತಾ ಇದ್ದರು. ಗುದ್ದಿದೆ. ಅವರು ಆ ಕಡೆ ಬಿದ್ದರು, ನಾನು ಈ ಕಡೆ ಬಿದ್ದೆ. ನನಗೆ ಮಂಡಿ ತರಚಿತು. ಅವರ ಬಲಗಾಲಿನ ಮೂಳೆ ಮುರಿಯಿತು. ಸೇವಂತಿಗೆ ರಸ್ತೆ ತುಂಬಾ ಚೆಲ್ಲಿತ್ತು. ಇವತ್ತಿಗೂ ಮಾರ್ಕೆಟ್ಟಲ್ಲಿ ಸೇವಂತಿಗೆ ರಾಶಿ ಕಂಡ್ರೆ ನನಗೆ ಮೊದಲು ಟಾರು ರಸ್ತೆ ನೆನಪಾಗುತ್ತೆ.

ಜನ ಸೇರಿದ್ರು, ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋದ್ವಿ, ಪೊಲೀಸಿನವರು ಬಂದು ಬರ್ಕೊಂಡ್ರು. ಐಪಿಸಿ 279, ಅಂದ್ರೆ ದುಡುಕಿನಿಂದ, ಅಜಾಗರೂಕತೆಯಿಂದ ಗಾಡಿ ಓಡಿಸಿದ್ದು. ಮತ್ತೆ 338, ಹಂಗೆ ಮಾಡಿ ಇನ್ನೊಬ್ಬರಿಗೆ ತೀವ್ರ ಗಾಯ ಮಾಡಿದ್ದು. ಇಪ್ಪತ್ತು ವರ್ಷದ ಹುಡುಗಿಯ ಹೆಸರು ಪೊಲೀಸ್ ಕಾಗದದ ಮೇಲೆ ಬಂತು ಅಂತ ಅಮ್ಮ ಮೂರು ದಿನ ಊಟ ಬಿಟ್ಟರು.

ಎಂಟು ತಿಂಗಳಾದ ಮೇಲೆ ಕೋರ್ಟಿಗೆ ಬರ್ಬೇಕು ಅಂತ ಸಮನ್ಸ್ ಬಂತು. ಅಪ್ಪ ಹಿಡಿದಿದ್ದ ವಕೀಲರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ರು. "ಇದು ಸಣ್ಣ ಕೇಸಮ್ಮ. ನಡೆಸಿದ್ರೆ ಮೂರ್ನಾಲ್ಕು ವರ್ಷ ಎಳೆಯುತ್ತೆ, ಮದುವೆ ವಯಸ್ಸು ಬೇರೆ. ಒಪ್ಕೊಂಡ್ಬಿಡು, ಇವತ್ತೇ ಮುಗಿಯುತ್ತೆ." ನ್ಯಾಯಾಧೀಶರು ಆರೋಪ ಓದಿ ಹೇಳಿ, "ಒಪ್ತೀರಾ?" ಅಂತ ಕೇಳಿದ್ರು. "ಒಪ್ತೀನಿ" ಅಂದೆ. ಯಾರಾದರೂ ಒತ್ತಾಯ ಮಾಡಿದಾರಾ ಅಂತಲೂ ಕೇಳಿದ್ರು. "ಇಲ್ಲ" ಅಂದೆ. ಒಂದೊಂದು ಕಲಮಿಗೆ 1,000 ರೂಪಾಯಿ, ಒಟ್ಟು 2,000 ದಂಡ. ಅಪ್ಪ ಕಟ್ಟಿ ರಸೀದಿ ತಗೊಂಡ್ರು. ವಾಪಸ್ ಬರ್ತಾ ಹೋಟೆಲಲ್ಲಿ ಮಸಾಲೆ ದೋಸೆ ತಿಂದ್ವಿ. ಅಮ್ಮ ಅವತ್ತು ರಾತ್ರಿ ದೇವರಿಗೆ ದೀಪ ಹಚ್ಚಿ ಹೇಳಿದ್ದು ಎರಡೇ ಮಾತು. "ಮುಗೀತು. ಇನ್ನು ಇದನ್ನ ಬಾಯಿ ಬಿಡಬೇಡ."

ನಾನೂ ಬಿಡಲಿಲ್ಲ. ಬಾಯಿ ಬಿಡದೆ ಹತ್ತು ವರ್ಷ ಇದ್ರೆ ಅದು ಆಗೇ ಇಲ್ಲ ಅನ್ನೋ ಹಂಗೆ ಆಗಿಬಿಡುತ್ತೆ. ಪಾಸ್‌ಪೋರ್ಟ್ ಮಾಡಿಸುವಾಗಲೂ ಏನೂ ತೊಂದರೆ ಆಗಲಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಕೇಳೋದು ಬೇರೆ. ಹಿಂದಿನ ಐದು ವರ್ಷದೊಳಗೆ ನೀತಿಗೆಟ್ಟ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆ ಇಲ್ಲದಂತೆ ಜೈಲು ಶಿಕ್ಷೆ ಆಗಿದೆಯಾ ಅಂತ. ನನಗೆ ಆಗಿರಲಿಲ್ಲ, "ಇಲ್ಲ" ಅಂತ ಬರೆದದ್ದು ಸತ್ಯವೇ. ಆದ್ರೆ ಆ ಒಂದು "ಇಲ್ಲ" ನನಗೆ ಧೈರ್ಯ ಜಾಸ್ತಿ ಕೊಡ್ತು. ಪಾಸ್‌ಪೋರ್ಟೇ ಬಂತಲ್ಲ, ಇನ್ನೇನು ಅಂದ್ಕೊಂಡೆ.

2021ರ ಡಿಸೆಂಬರಲ್ಲಿ ಮದುವೆ ಆಯ್ತು. ನಮ್ಮನೆಯವರದ್ದು ಶಿವಮೊಗ್ಗ ವಿನೋಬನಗರ, ಕೆಲಸ ಮೆಲ್ಬರ್ನಲ್ಲಿ. ಒಂದು ತಿಂಗಳಿದ್ದು ಅವರು ಹೊರಟ್ರು. ನಾನು ವಿನೋಬನಗರದ ಮನೆಯಲ್ಲಿ ಅತ್ತೆ ಜೊತೆ ಉಳಿದೆ. ಗಂಡನ ವೀಸಾ ಅರ್ಜಿ ಅಂದ್ರೆ ನಮ್ಮ ಮದುವೆ ಫೋಟೋ, ಫೋನ್ ಬಿಲ್ಲು, ಯಾರ್ಯಾರು ಮದುವೆಗೆ ಬಂದಿದ್ರು ಅನ್ನೋದು ಎಲ್ಲಾ ಕೇಳ್ತಾರೆ. ನಾನು ಸಂಜೆ ಹೊತ್ತು ಲ್ಯಾಪ್‌ಟಾಪ್ ಇಟ್ಕೊಂಡು ಒಂದೊಂದೇ ತುಂಬ್ತಾ ಇದ್ದೆ. ಒಂದು ಪುಟದಲ್ಲಿ ಕೈ ನಿಂತಿತು. ಕನ್ನಡದಲ್ಲಿ ಹೇಳೋದಾದ್ರೆ ಪ್ರಶ್ನೆ ಹಿಂಗಿತ್ತು. ಯಾವುದೇ ದೇಶದಲ್ಲಿ, ಯಾವತ್ತಾದರೂ, ಯಾವುದಾದರೂ ಅಪರಾಧಕ್ಕೆ ನಿಮ್ಮನ್ನು ತಪ್ಪಿತಸ್ಥರೆಂದು ತೀರ್ಮಾನಿಸಿದ್ದಾರಾ? ಈಗ ದಾಖಲೆಯಿಂದ ತೆಗೆದುಹಾಕಿದ್ದರೂ ಸರಿ.

ಐದು ವರ್ಷ ಅಂತಿಲ್ಲ, ಜೈಲು ಅಂತಿಲ್ಲ. ಯಾವತ್ತಾದರೂ, ಯಾವುದಾದರೂ.

ಅವತ್ತು ಅಡುಗೆಗೆ ಹೋದವಳು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಾರನೇ ದಿನ ತವರಿಗೆ ಹೋಗಿ ಅಮ್ಮನ ಹತ್ತಿರ ಹೇಳ್ದೆ. "ಬರೀಬೇಡ ಪುಟ್ಟಿ. ಹತ್ತು ವರ್ಷದ ಮಾತು, ಅಲ್ಲಿ ಕೂತೋರಿಗೆ ಭದ್ರಾವತಿ ಕೋರ್ಟಿಂದ ಯಾರು ಹೋಗಿ ಹೇಳ್ತಾರೆ? ಅತ್ತೆ ಮನೆಗೆ ಗೊತ್ತಾದ್ರೆ ಎಂತ ಮಾಡ್ತೀಯ?" ಒಬ್ಬ ವೀಸಾ ಏಜೆಂಟ್ ಹತ್ತಿರ ಹೋದ್ರೆ ಆತನೂ ಅದನ್ನೇ ಹೇಳ್ದ. "ದಂಡ ಕಟ್ಟಿದ್ದು ಕನ್ವಿಕ್ಷನ್ ಅಲ್ಲ ಮೇಡಂ, ನೋ ಅಂತ ಹಾಕಿ."

ಅದು ತಪ್ಪು. ಇದನ್ನ ಓದೋರೆಲ್ಲ ಇದೊಂದನ್ನ ನೆನಪಿಟ್ಕೊಳ್ಳಿ. ಕೋರ್ಟಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ರೆ ಅದು ಶಿಕ್ಷೆಯೇ, ಜೈಲಿಗೆ ಹೋಗದೇ ಇದ್ರೂ. ಟ್ರಾಫಿಕ್ ಪೊಲೀಸ್ ರಸ್ತೆಯಲ್ಲಿ ಹಿಡಿದು ಹಾಕೋ ದಂಡ ಬೇರೆ, ಇದು ಬೇರೆ. ಆ ಏಜೆಂಟ್ ಸುಳ್ಳು ಹಾಕಿಸಿದ್ರೂ ಕೆಳಗೆ ಸಹಿ ನಂದೇ ಇರ್ತಿತ್ತು. ಆಸ್ಟ್ರೇಲಿಯಾದಲ್ಲಿ ವೀಸಾ ಅರ್ಜಿಗೆ ಸುಳ್ಳು ಮಾಹಿತಿ ಕೊಟ್ಟಿದ್ದು ಗೊತ್ತಾದ್ರೆ ಅರ್ಜಿ ತಿರಸ್ಕಾರ ಮಾಡೋದಲ್ಲದೆ ಮೂರು ವರ್ಷ ಬೇರೆ ವೀಸಾಗಳಿಗೂ ಅಡ್ಡಿ ಬರೋ ನಿಯಮ ಇದೆ. ಅರ್ಜಿಯ ಶುಲ್ಕವೇ ಆಗ 8,000 ಡಾಲರ್ ಮೇಲಿತ್ತು, ನಮ್ಮ ದುಡ್ಡಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ. ತಿರಸ್ಕಾರ ಆದ್ರೆ ಅದೂ ವಾಪಸ್ ಬರಲ್ಲ. ಇನ್ನು ನನ್ನ ಹಳೇ ಕೇಸಿನ ವಿಷಯಕ್ಕೆ ಬಂದ್ರೆ, ಅವರ ನಡತೆ ಪರೀಕ್ಷೆಯಲ್ಲಿ ಗಂಭೀರ ಅಪರಾಧ ದಾಖಲೆ ಅಂತ ತಗೊಳ್ಳೋದು ಮುಖ್ಯವಾಗಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆ ಆದಾಗ. ನನಗೆ ಆಗಿದ್ದು 2,000 ರೂಪಾಯಿ ದಂಡ. ಹೇಳಿದ್ರೆ ಸಣ್ಣ ವಿಷಯ, ಮುಚ್ಚಿಟ್ರೆ ದೊಡ್ಡ ವಿಷಯ.

ಇಷ್ಟು ಲೆಕ್ಕ ತಿಳ್ಕೊಳ್ಳೋದು ಸುಲಭ ಇತ್ತು. ಕಷ್ಟ ಇದ್ದದ್ದು ಫಾರ್ಮಲ್ಲಿ ಅಲ್ಲ, ಮನೇಲಿ. ವೀಸಾ ಆಫೀಸಿನವರಿಗೆ "ಹೌದು" ಅನ್ನೋ ಮುಂಚೆ ಗಂಡಂಗೆ ಹೇಳ್ಬೇಕಿತ್ತು. ಮದುವೆ ಮಾತುಕತೆ ನಡೆದಾಗ ಅವರು ತಮ್ಮ ಸಂಬಳ, ಸಾಲ, ಮೊದಲು ಒಂದು ಕಡೆ ಗಟ್ಟಿಯಾಗಿ ಮುರಿದುಹೋದ ಸಂಬಂಧ, ಎಲ್ಲಾ ಹೇಳಿದ್ರು. ನಾನು ಇದೊಂದನ್ನ ನುಂಗಿಕೊಂಡಿದ್ದೆ.

ಫೋನಲ್ಲಿ ಹೇಳಿದೆ. ಆ ಕಡೆಯಿಂದ ಎಷ್ಟೋ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ "ಹಲೋ" ಅಂದೆ. "ಇದೀನಿ" ಅಂದ್ರು. ಆಮೇಲೆ ಹೇಳಿದ್ರು, "ಆಕ್ಸಿಡೆಂಟ್ ಯಾರಿಗಾದ್ರೂ ಆಗುತ್ತೆ. ನಂಗೆ ಯಾಕೆ ಹೇಳ್ಲಿಲ್ಲ ಅನ್ನೋದು ಬೇರೆ ವಿಷಯ. ಅದಕ್ಕೆ ನಂಗೆ ಸ್ವಲ್ಪ ದಿನ ಕೊಡು." ನಾಲ್ಕು ದಿನ ಫೋನ್ ಬರಲಿಲ್ಲ. ಗುಡ್ ಮಾರ್ನಿಂಗ್ ಮೆಸೇಜು ಮಾತ್ರ ಬರ್ತಿತ್ತು, ಹೂವಿನ ಚಿತ್ರ ಇಲ್ಲದೆ. ಐದನೇ ದಿನ ಫೋನ್ ಮಾಡಿ, "ಅಮ್ಮಂಗೆ ನೀನೇ ಹೇಳು, ನಾನು ಹೇಳಲ್ಲ" ಅಂದ್ರು. ಸಿಟ್ಟು ಇಳಿದಿದೆ ಅಂತ ಗೊತ್ತಾಯ್ತು, ಕೆಲಸ ಇನ್ನೂ ಉಳಿದಿದೆ ಅಂತಲೂ ಗೊತ್ತಾಯ್ತು.

ಅತ್ತೆ ಆಗ ಅವರೆಕಾಳು ಹಿಚುಕ್ತಾ ಕೂತಿದ್ರು. ನಾನೂ ಕೂತು ಹಿಚುಕ್ತಾ ಹಿಚುಕ್ತಾ ಹೇಳಿದೆ. ಅತ್ತೆಯ ತವರು ಸಾಗರದ ಕಡೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದರಲ್ಲ, ಲೋಹಿಯಾ ಅವರನ್ನೂ ಬಂಧಿಸಿದರಲ್ಲ, ಆಗ ಅವರ ಊರಿನವರೂ ಜೈಲಿಗೆ ಹೋಗಿದ್ದರಂತೆ. ಅತ್ತೆ ಕಾಳಿನಿಂದ ಕಣ್ಣೆತ್ತದೆ ಅಂದ್ರು, "ನಮ್ಮೂರಲ್ಲಿ ಜೈಲಿಂದ ಬಂದೋರಿಗೆ ಹಾರ ಹಾಕಿದ್ರು. ನಿಂದು ಹಾರ ಇಲ್ಲದ ಕೇಸು." ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನ ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ವಕೀಲರು ಕೇಳಿರಲಿಲ್ಲ, ಏಜೆಂಟ್ ಕೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

"ಆ ಹೆಂಗಸಿನ ಕಾಲು ಈಗ ಹೆಂಗಿದೆ?"

ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಅಮ್ಮನ ಜೊತೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಮೂಸಂಬಿ ತಗೊಂಡು. ಗಾಡಿಗೆ ಇನ್ಶೂರೆನ್ಸ್ ಇತ್ತು, ಪರಿಹಾರ ಅವರಿಗೆ ನ್ಯಾಯಮಂಡಳಿ ಮೂಲಕ ಬಂತು ಅಂತ ಅಪ್ಪ ಯಾವಾಗಲೋ ಹೇಳಿದ್ರು. ನಾನು ದಂಡ ಕಟ್ಟಿದ್ದು ಸರ್ಕಾರಕ್ಕೆ. ಕಾಲು ಮುರಿಸಿಕೊಂಡೋರಿಗೆ ನಾನು ಕೈಯಾರೆ ಕೊಟ್ಟಿದ್ದು ಎರಡು ಕೆ.ಜಿ. ಮೂಸಂಬಿ.

ಮಾರನೇ ದಿನ ಅತ್ತೆ ಸೀರೆ ಉಟ್ಟು ಚಪ್ಪಲಿ ಹಾಕ್ಕೊಂಡು ನಿಂತಿದ್ರು. ಬಸ್ಸು ಹತ್ತಿ ಭದ್ರಾವತಿಗೆ ಹೋದ್ವಿ. ಹಳೇನಗರದಲ್ಲಿ ನರಸಿಂಹಸ್ವಾಮಿ ದೇವಸ್ಥಾನದ ಕಡೆ ಹೂವು ಮಾರೋರನ್ನ ವಿಚಾರಿಸಿ ಮನೆ ಹುಡುಕಿದ್ವಿ. ಅಜ್ಜಿ ಬಾಗಿಲಲ್ಲಿ ಕೂತು ಹೂವು ಕಟ್ತಾ ಇದ್ರು. ಪಕ್ಕದಲ್ಲಿ ಕೋಲು. ನಾನು ಯಾರು ಅಂತ ಹೇಳಿದೆ. ಸ್ವಲ್ಪ ಹೊತ್ತು ನೋಡಿ, "ಪೇಪರ್ ಟೌನ್ ಹುಡುಗಿ" ಅಂದ್ರು.

ಬಯ್ಯಲಿಲ್ಲ. ಕ್ಷಮಿಸಿದೀನಿ ಅಂತಲೂ ಹೇಳಲಿಲ್ಲ. ಲೆಕ್ಕ ಹೇಳಿದ್ರು. ಆರು ತಿಂಗಳು ಬುಟ್ಟಿ ಹೊರಲಿಲ್ಲ. ಸೊಸೆ ಬಸುರಿ, ಅವಳೇ ಹೊತ್ತಳು. ದುಡ್ಡು ಬಂತು, ಆದರೆ ಎರಡೂವರೆ ವರ್ಷ ಆದಮೇಲೆ ಬಂತು. ಅಷ್ಟರಲ್ಲಿ ಕಿವಿ ಓಲೆ ಅಡ ಇಟ್ಟು ಬಿಡಿಸಿಕೊಳ್ಳಕ್ಕಾಗದೆ ಹೋಗಿತ್ತು. ಚಳಿಗಾಲದಲ್ಲಿ ಈಗಲೂ ಕಾಲು ಸೆಳೆಯುತ್ತೆ. ಅಷ್ಟು ಹೇಳಿ, "ಈಗ ಎಂತಕ್ಕೆ ಬಂದೆ? ಎಲ್ಲಾದ್ರೂ ಸಹಿ ಹಾಕ್ಬೇಕಾ?" ಅಂತ ಕೇಳಿದ್ರು. "ಬೇಡ ಅಜ್ಜಿ, ನೋಡ್ಕೊಂಡ್ ಹೋಗನ ಅಂತ ಬಂದೆ" ಅಂದೆ. "ಹತ್ತು ವರ್ಷ ಆದಮೇಲೆ" ಅಂದ್ರು. ನಾನು ಎಂತ ಹೇಳ್ಲಿ?

ಹೊರಡುವಾಗ ಎರಡು ಮೊಳ ಕನಕಾಂಬರ ಕೊಟ್ರು. ಅತ್ತೆ ಮುಡಿಗೆ ಒಂದು, ನನಗೆ ಒಂದು. ಅತ್ತೆ ದುಡ್ಡು ಕೊಡಕ್ಕೆ ಹೋದಾಗ ಬೇಡ ಅಂತಾರೇನೋ ಅಂದ್ಕೊಂಡೆ. ಎಣಿಸಿ ತಗೊಂಡ್ರು. ಅದು ನನಗೆ ಯಾಕೋ ಸಮಾಧಾನ ಕೊಡ್ತು. ಆಮೇಲೆ ಊರಲ್ಲಿ ಇದ್ದಷ್ಟು ದಿನ ಹಬ್ಬಕ್ಕೆ ಬೇಕಾದ ಹೂವೆಲ್ಲ ಅವರ ಮನೆಯಿಂದಲೇ ತರಿಸಿದ್ದು. ಈಗಲೂ ಅಮ್ಮ ಅಲ್ಲಿಂದಲೇ ತರ್ತಾರೆ.

ಇನ್ನು ಕಾಗದದ ಕೆಲಸ. ಚಿಕ್ಕಮ್ಮಂಗೆ ಬೇಕಾಗಿದ್ದು ಇದೇ, ಅದಕ್ಕೆ ಬಿಡಿಸಿ ಹೇಳ್ತೀನಿ.

ಮೊದಲು ಕೇಸಿನ ನಂಬರ್ ಬೇಕು. ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಅಪ್ಪ ಒಂದು ಕಾಗದವನ್ನೂ ಬಿಸಾಕಿದೋರಲ್ಲ. ದಂಡದ ರಸೀದಿ ಎಲ್‌ಐಸಿ ಬಾಂಡುಗಳ ಜೊತೆ ಟ್ರಂಕಲ್ಲಿ ಇತ್ತು, ಅದರ ಮೇಲೆ ಸಿ.ಸಿ. ನಂಬರೂ ಇತ್ತು. ಆ ನಂಬರ್ ಇಟ್ಕೊಂಡು ಕೋರ್ಟಲ್ಲಿ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಹಳೇ ಫೈಲು ರೆಕಾರ್ಡ್ ರೂಮಿಂದ ಬರ್ಬೇಕಾದ್ದರಿಂದ ಸಮಯ ಹಿಡಿಯುತ್ತೆ, ನನಗೆ ಮೂರು ವಾರ ಆಯ್ತು. ಬಹಳ ಹಳೇ ಫೈಲುಗಳನ್ನ ಅವಧಿ ಮುಗಿದ ಮೇಲೆ ನಾಶ ಮಾಡೋ ಪದ್ಧತಿನೂ ಇದೆ. ಹಂಗಾಗಿ ನಿಮ್ಮ ಮನೇಲಿ ಯಾರಿಗಾದ್ರೂ ಇಂಥದ್ದು ಇದ್ರೆ, ವೀಸಾ ಮಾತು ಬರೋ ತನಕ ಕಾಯದೆ ನಕಲು ತೆಗೆದಿಟ್ಕೊಳ್ಳಿ. ಜೊತೆಗೆ ಎಫ್‌ಐಆರ್, ಚಾರ್ಜ್‌ಶೀಟ್ ನಕಲು, ದಂಡದ ರಸೀದಿ. ಕನ್ನಡದಲ್ಲಿರೋದನ್ನೆಲ್ಲ ಇಂಗ್ಲಿಷಿಗೆ ಅನುವಾದ ಮಾಡಿಸಿ, ಮಾಡಿದೋರ ಹೆಸರು, ವಿಳಾಸ, ಅವರ ಓದು ಏನು ಅನ್ನೋದನ್ನ ಕೆಳಗೆ ಬರೆಸಬೇಕು.

ಎರಡನೇದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ರೆ ಪೊಲೀಸ್ ವಿಚಾರಣೆ ಆಗುತ್ತೆ. ಮನೆಗೆ ಬಂದ ಪೊಲೀಸಿನವರಿಗೆ ನಾನೇ ತೀರ್ಪಿನ ನಕಲು ಕೊಟ್ಟೆ. ಅತ್ತೆ ಕಾಫಿ ಕೊಟ್ರು. "ಕೇಸ್ ಮುಗಿದಿದೆಯಲ್ಲಮ್ಮ" ಅಂತ ಬರ್ಕೊಂಡು ಹೋದ್ರು. ಸರ್ಟಿಫಿಕೇಟ್ ಕೈಗೆ ಬಂತು. ಆದ್ರೆ ಸರ್ಟಿಫಿಕೇಟ್ ಬಂತು ಅಂತ ಫಾರ್ಮಲ್ಲಿ "ಇಲ್ಲ" ಅಂತ ಬರೆಯೋ ಹಂಗಿಲ್ಲ. ಸರ್ಟಿಫಿಕೇಟ್ ಬೇರೆ, ಫಾರ್ಮಿನ ಪ್ರಶ್ನೆ ಬೇರೆ. ಇನ್ನು ಕೇಸು ಇನ್ನೂ ನಡೀತಾ ಇರೋರ ಕಥೆ ಬೇರೆಯದೇ. ಅವರಿಗೆ ಪಾಸ್‌ಪೋರ್ಟಿಗೇ ಕೋರ್ಟಿನ ಅನುಮತಿ ಬೇಕಾಗುತ್ತೆ, ಮೊದಲು ವಕೀಲರನ್ನ ಕೇಳಬೇಕು.

ಮೂರನೇದು ವಿವರಣೆ ಪತ್ರ. ಏನಾಯ್ತು, ಯಾಕಾಯ್ತು, ಆಮೇಲೆ ಏನು ಮಾಡಿದ್ರಿ ಅಂತ ನಾವೇ ಬರೆಯೋದು. ನನ್ನನ್ನ ನಿಜವಾಗಿ ಅಲ್ಲಾಡಿಸಿದ್ದು ಇದೇ.

ಮೊದಲ ಸಲ ಬರೆದಾಗ "ವಯಸ್ಸಾದ ಹೆಂಗಸು ಇದ್ದಕ್ಕಿದ್ದಂತೆ ಅಡ್ಡ ಬಂದರು" ಅಂತ ಬರೆದೆ. ಹತ್ತು ವರ್ಷದಿಂದ ಮನೇಲಿ ಹಂಗೇ ಹೇಳ್ಕೊಂಡು ಬಂದಿದ್ವಿ. ಇವ್ರು ಓದಿ ಕೇಳಿದ್ರು, "ಅಡ್ಡ ಬಂದಿದ್ರೆ ನೀನು ಕೋರ್ಟಲ್ಲಿ ಒಪ್ಕೊಂಡಿದ್ದು ಯಾಕೆ?" ಉತ್ತರ ಇರಲಿಲ್ಲ. ಫೋನ್ ಇಟ್ಟು ಮೇಲೆ ತಾರಸಿಗೆ ಹೋಗಿ ಕೂತೆ.

ಅಜ್ಜಿ ಅಡ್ಡ ಬಂದಿರಲಿಲ್ಲ. ಅವರು ಅರ್ಧ ರಸ್ತೆ ದಾಟಿ ಆಗಿತ್ತು. ನನ್ನ ಬ್ಯಾಗಲ್ಲಿ ಫೋನ್ ಹೊಡ್ಕೊಳ್ತಾ ಇತ್ತು. ನಾನು ಒಂದು ಕೈ ಬಿಟ್ಟು ಬ್ಯಾಗಿನ ಜಿಪ್ ಎಳೀತಿದ್ದೆ. ರಸ್ತೆ ನೋಡ್ತಾ ಇರಲಿಲ್ಲ. ಅದು ಎಫ್‌ಐಆರಲ್ಲಿ ಇಲ್ಲ, ತೀರ್ಪಲ್ಲಿ ಇಲ್ಲ, ಯಾರಿಗೂ ಗೊತ್ತಿಲ್ಲ. ಇನ್ನೊಂದೂ ಯಾರಿಗೂ ಗೊತ್ತಿರಲಿಲ್ಲ. ಫೋನ್ ಮಾಡಿದ್ದು ಅಮ್ಮ. ಆಸ್ಪತ್ರೆಯಲ್ಲಿ ಕೂತು ಮಿಸ್ಡ್ ಕಾಲ್ ನೋಡಿದ್ದೆ. ಬರೋವಾಗ ಕೊತ್ತಂಬರಿ ಸೊಪ್ಪು ತರಕ್ಕೆ ಹೇಳೋಣ ಅಂತ ಮಾಡಿದ್ರಂತೆ, ಆ ಗಲಾಟೆಯಲ್ಲಿ ಮಾಡಿದ್ದೇ ಅವರಿಗೆ ಮರೆತುಹೋಗಿತ್ತು. ನಾನು ಅದನ್ನ ಅಳಿಸಿಹಾಕಿ ಸುಮ್ಮನಾಗಿದ್ದೆ. ಅಮ್ಮಂಗೆ ನೋವಾಗಬಾರದು ಅಂತ ಮುಚ್ಚಿಟ್ಟೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಸತ್ಯ ಅಂದ್ರೆ, ಫೋನ್ ಯಾರದ್ದು ಅಂತ ಹೇಳಿದ್ರೆ ನಾನು ಫೋನ್ ತೆಗೀತಿದ್ದೆ ಅಂತಲೂ ಹೇಳ್ಬೇಕಾಗ್ತಿತ್ತು.

ಪತ್ರ ಹರಿದು ಮತ್ತೆ ಬರೆದೆ. "ನನ್ನ ಗಮನ ರಸ್ತೆಯ ಮೇಲೆ ಇರಲಿಲ್ಲ, ಬ್ಯಾಗಿನಲ್ಲಿದ್ದ ಫೋನ್ ತೆಗೆಯುತ್ತಿದ್ದೆ, ತಪ್ಪು ನನ್ನದು" ಅಂತ ಇದ್ದದ್ದು ಇದ್ದ ಹಂಗೆ. ಇವ್ರಿಗೆ ಕಳಿಸಿ "ಇದನ್ನ ಬರೆದ್ರೆ ಕಷ್ಟ ಆಗುತ್ತಾ?" ಅಂತ ಕೇಳಿದೆ. "ಆದ್ರೆ ಆಗ್ಲಿ" ಅಂದ್ರು. ನಮ್ಮ ಮದುವೆಯಲ್ಲಿ ಯಾವ ದಿನ ಗಟ್ಟಿ ಆಯ್ತು ಅಂತ ಯಾರಾದ್ರೂ ಕೇಳಿದ್ರೆ ನಾನು ಧಾರೆ ದಿನ ಹೇಳಲ್ಲ, ಆ ದಿನ ಹೇಳ್ತೀನಿ.

2022ರ ಜುಲೈಯಲ್ಲಿ ಅರ್ಜಿ ಹಾಕಿದ್ವಿ. ಇವ್ರೂ ಪ್ರಾಯೋಜಕರಾಗಿ ತಮ್ಮ ಪೊಲೀಸ್ ದಾಖಲೆ ಕೊಟ್ರು, ಕೊಡಬೇಕಾಗುತ್ತೆ. ಹದಿನಾಲ್ಕು ತಿಂಗಳು ಕಾದ್ವಿ. ನಡುವೆ ಒಂದು ಸಲ ಇನ್ನಷ್ಟು ಕಾಗದ ಕೇಳಿದ್ರು, ಕಳಿಸಿದ್ವಿ. ಆ ಹದಿನಾಲ್ಕು ತಿಂಗಳಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಮೇಲ್ ನೋಡೋದು, ಏನೂ ಇಲ್ಲ ಅಂದ್ರೆ ಹಾಲು ಕಾಯಿಸೋದು. 2023ರ ಸೆಪ್ಟೆಂಬರಲ್ಲಿ ಒಂದು ದಿನ ಹಾಲು ಉಕ್ಕಿತು, ನಾನು ಮೇಲ್ ಓದ್ತಾ ನಿಂತಿದ್ದೆ. ಅತ್ತೆ ಬಂದು ಗ್ಯಾಸ್ ಆಫ್ ಮಾಡಿ ನನ್ನ ಮುಖ ನೋಡಿ, "ಬಂತಾ?" ಅಂದ್ರು.

ಹೊರಡೋ ಹಿಂದಿನ ದಿನ ಭದ್ರಾವತಿಯಲ್ಲಿ ಅಮ್ಮಂಗೆ ಫೋನಿನ ವಿಷಯ ಹೇಳಿದೆ. ಅವರು ಚಟ್ನಿಪುಡಿ ಕಟ್ತಾ ಇದ್ರು. ಕೈ ನಿಲ್ಲಿಸಿ, "ಕೊತ್ತಂಬರಿ ಸೊಪ್ಪಿಗಾ?" ಅಂದ್ರು. ಆಮೇಲೆ ತುಂಬಾ ಹೊತ್ತು ಇಬ್ಬರೂ ಅತ್ವಿ. ಅದನ್ನ ಜಾಸ್ತಿ ಬರೆಯಲ್ಲ.

ಚಿಕ್ಕಮ್ಮನ ಹುಡುಗನ ವಿಷಯ. ಒಂದೊಂದು ದೇಶದ ಲೆಕ್ಕ ಒಂದೊಂದು. ಕೆನಡಾದವರು, ಅದೇ ಕೆಲಸ ತಮ್ಮ ದೇಶದಲ್ಲಿ ಮಾಡಿದ್ರೆ ತಮ್ಮ ಕಾನೂನಲ್ಲಿ ಎಂತ ಅಪರಾಧ ಆಗ್ತಿತ್ತು ಅಂತ ನೋಡ್ತಾರೆ. ಅಡ್ಡಿ ಇದ್ರೂ, ಶಿಕ್ಷೆ ಮುಗಿದು ಐದು ವರ್ಷ ಆದಮೇಲೆ "ಈಗ ಸುಧಾರಿಸಿದೀನಿ" ಅಂತ ಬೇರೆ ಅರ್ಜಿ ಹಾಕೋ ದಾರಿ ಇದೆ. ಅಮೆರಿಕದವರು ನೀತಿಗೆಟ್ಟ ಅಪರಾಧ ಹೌದೋ ಅಲ್ವೋ ಅಂತ ಅಳೆದು ನೋಡ್ತಾರೆ, ಕೋರ್ಟ್ ಕಾಗದ ಅವರಿಗೂ ಬೇಕು. ನನ್ನದು ಗಾಡಿ ಕೇಸು, ಅವನದ್ದು ಹೊಡೆದಾಟ. ನನಗೆ ಆದ ಹಂಗೇ ಅವನಿಗೂ ಆಗುತ್ತೆ ಅಂತ ನಾನು ಹೇಳಲ್ಲ. ಆ ದೇಶದಲ್ಲಿ ನೋಂದಣಿ ಇರೋ ಸಲಹೆಗಾರರನ್ನೇ ಹಿಡೀಲಿ, ನೋಂದಣಿ ನಂಬರ್ ಕೇಳಿ ವೆಬ್‌ಸೈಟಲ್ಲಿ ನೋಡ್ಲಿ. "ನೋ ಹಾಕಿ" ಅನ್ನೋರ ಹತ್ತಿರ ಹೋಗೋದು ಬೇಡ. ಹೆಂಡ್ತಿಗೆ ಗೊತ್ತಿಲ್ಲದೇ ಇದ್ರೆ ಫಾರ್ಮ್ ತೆರೆಯೋ ಮುಂಚೆ ಅವಳಿಗೆ ಹೇಳ್ಲಿ.

ಮಕ್ಕಳಿಗೆ ಹೊಸದಾಗಿ ಗಾಡಿ ಕೊಡಿಸಿದೋರಿಗೂ ಒಂದು ಮಾತು. ಈಗ ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೇ 279 ಈಗ 281 ಆಗಿದೆ. ಕಲಮಿನ ನಂಬರ್ ಬದಲಾದ್ರೂ "ಒಪ್ಕೊಂಡ್ಬಿಡು, ಇವತ್ತೇ ಮುಗಿಯುತ್ತೆ" ಅನ್ನೋ ಮಾತು ಬದಲಾಗಿಲ್ಲ. ತಪ್ಪು ಮಾಡಿದ್ರೆ ಒಪ್ಪಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಪ್ಪೋ ಮುಂಚೆ ಇದರಿಂದ ಮುಂದೆ ಏನೇನು ಬರುತ್ತೆ, ಗಾಯದ ಕಲಮಿಗೆ ರಾಜಿ ಆಗುತ್ತಾ, 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಬಿಡಿಸಿಕೊಳ್ಳೋಕೆ ದಾರಿ ಇದೆಯಾ ಅಂತ ವಕೀಲರನ್ನ ಕೂತು ಕೇಳಿ. ದೋಸೆ ಆಮೇಲೆ ತಿನ್ನಬಹುದು.

ಈಗ ಉಪ್ಪಿನಕಾಯಿ. ವಿಮಾನ ಇಳಿಯೋ ಮುಂಚೆ ಒಂದು ಕಾರ್ಡ್ ಕೊಡ್ತಾರೆ. ತಿನ್ನೋ ಪದಾರ್ಥ ಇದೆಯಾ, ಬೀಜ ಇದೆಯಾ ಅಂತ ಕೇಳಿರ್ತಾರೆ. ಅದೇ ಕಾರ್ಡಲ್ಲಿ, ಆಸ್ಟ್ರೇಲಿಯಾದ ಪ್ರಜೆ ಅಲ್ಲದೋರಿಗೆ ಇನ್ನೊಂದು ಪ್ರಶ್ನೆನೂ ಇರುತ್ತೆ, ಅಪರಾಧಕ್ಕೆ ಶಿಕ್ಷೆ ಆಗಿದೆಯಾ ಅಂತ. ನಾನು ಎಲ್ಲದಕ್ಕೂ "ಹೌದು" ಅಂತ ಗುರುತು ಹಾಕಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನ ನೋಡಿ ತನ್ನ ಕೈಚೀಲವನ್ನ ಸ್ವಲ್ಪ ಆಚೆ ಸರಿಸಿಕೊಂಡಳು.

ಕೌಂಟರಲ್ಲಿ ಕೇಸಿನ ಬಗ್ಗೆ ಕೇಳಿದ್ರು. ಫೈಲು ತೆಗೆದು ತೀರ್ಪು, ಪತ್ರ ತೋರಿಸಿದೆ. ಕಂಪ್ಯೂಟರ್ ನೋಡಿದ್ರು, ಎರಡು ಪ್ರಶ್ನೆ ಕೇಳಿದ್ರು, ಹೋಗಿ ಅಂದ್ರು. ಐದು ನಿಮಿಷ. ಉಪ್ಪಿನಕಾಯಿಗೆ ಇಪ್ಪತ್ತು ನಿಮಿಷ ಹಿಡೀತು. ಡಬ್ಬಿ ಬಿಚ್ಚಿಸಿ ನೋಡಿದ್ರು, ಮೂಸಿ ನೋಡಿ ಮುಖ ಹಿಂಡಿದ್ರು. ಉಪ್ಪಿನಕಾಯಿ, ಚಟ್ನಿಪುಡಿ ಎರಡನ್ನೂ ಬಿಟ್ರು. ಅತ್ತೆ ಕಟ್ಟಿಕೊಟ್ಟ ಹರಿವೆ ಬೀಜದ ಪೊಟ್ಟಣ ತಗೊಂಡ್ರು. ಮುಚ್ಚಿಟ್ಟಿದ್ರೆ ದಂಡ ಹಾಕ್ತಿದ್ರು, ಹೇಳಿದ್ದಕ್ಕೆ ಬರೀ ಬೀಜ ಹೋಯ್ತು. ನನ್ನದನ್ನ ಬಿಟ್ರು ಅಂತ ನಿಮ್ಮದನ್ನೂ ಬಿಡ್ತಾರೆ ಅಂತಲ್ಲ, ನಿಯಮ ನೋಡ್ಕೊಂಡೇ ಕಟ್ಟಿ.

ಹೊರಗೆ ಇವ್ರು ಕಾಯ್ತಾ ನಿಂತಿದ್ರು. "ಯಾಕಿಷ್ಟು ಹೊತ್ತು? ಕೇಸಿನ ಬಗ್ಗೆ ಏನಾದ್ರೂ ತಕರಾರು ಮಾಡಿದ್ರಾ?" ಅಂದ್ರು ಗಾಬರಿಯಿಂದ.

"ಇಲ್ಲ, ಹರಿವೆ ಬೀಜ ಹೋಯ್ತು" ಅಂದೆ.